ಓದುಗರ ಪ್ರಶ್ನೆ: ತೀರ್ಪುಗಾರರ ಅಂಕವೂ ಮುನ್ನುಡಿಯ ನಂಟೂ

ಪ್ರಶ್ನೆ: ಮಾನ್ಯರೇ, ನಮ್ಮ ಭಾಗದ ಹವ್ಯಾಸಿ ಬರಹಗಾರರ ಬಳಗವೊಂದು ನಡೆಸಿದ ಆನ್‌ಲೈನ್ ಕಥಾಸ್ಪರ್ಧೆಯಲ್ಲಿ ಇಬ್ಬರು ತೀರ್ಪುಗಾರರು ನನ್ನ ಕಥೆಗೆ ನೂರಕ್ಕೆ 74 ಮತ್ತು 72 ಅಂಕ ಕೊಟ್ಟಿದ್ದಾರೆ, ಮೊದಲ ಬಹುಮಾನ ಪಡೆದ ಕಥೆಗೆ ಅವರು ಕೊಟ್ಟದ್ದು 70 ಮತ್ತು 69. ಮೂರನೆಯವರು ಮಾತ್ರ ನನಗೆ 55, ಆ ಕಥೆಗೆ 92 ಕೊಟ್ಟಿದ್ದಾರೆ. ವಿಜೇತರ ಕವನ ಸಂಕಲನಕ್ಕೆ ಮುನ್ನುಡಿ ಬರೆದವರೂ ಅವರೇ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇದನ್ನು ಕೇಳಿದ್ದಕ್ಕೆ ‘ತೀರ್ಪುಗಾರರ ತೀರ್ಮಾನವೇ ಅಂತಿಮ’ ಎಂದು ಉತ್ತರಿಸಿ, ನನ್ನನ್ನು ಗುಂಪಿನಿಂದಲೇ ತೆಗೆದುಹಾಕಿದರು. ಇದು ಮೋಸವಲ್ಲವೇ?
– ಒಬ್ಬ ಓದುಗರು, ಗದಗ

ಉತ್ತರ: ಮುನ್ನುಡಿಯ ವಿಚಾರವನ್ನು ತುಸು ಬದಿಗಿಟ್ಟು ಮೊದಲು ಲೆಕ್ಕ ನೋಡೋಣ. ಮೊತ್ತದಲ್ಲಿ ನಿಮಗೆ 201, ವಿಜೇತರಿಗೆ 231. ಆದರೆ ಮೂವರಲ್ಲಿ ಇಬ್ಬರು ನಿಮ್ಮ ಕಥೆಯನ್ನೇ ಮೇಲಿಟ್ಟಿದ್ದಾರೆ. ಆ ಇಬ್ಬರು ತೋರಿದ ಅಂತರ ಎರಡೂ ಸೇರಿ 7, ಮೂರನೆಯವರೊಬ್ಬರದೇ 37. ಅಂಕಗಳನ್ನು ಹಾಗೆಯೇ ಕೂಡಿಸಿದಾಗ, ಯಾರು ಹೆಚ್ಚು ಏರಿಳಿತದಲ್ಲಿ ಅಂಕ ಹಾಕುತ್ತಾರೋ ಅವರ ಮತಕ್ಕೇ ತೂಕ ಹೆಚ್ಚುತ್ತದೆ. ಮೂವರೂ ಸಂಪೂರ್ಣ ಪ್ರಾಮಾಣಿಕರಾಗಿದ್ದರೂ ಹೀಗಾಗುವುದುಂಟು. ಪ್ರತಿಯೊಬ್ಬರ ಅಂಕಗಳನ್ನು ಮೊದಲು ಸ್ಥಾನಗಳಾಗಿ ಪರಿವರ್ತಿಸಿ ಬಳಿಕ ಕೂಡಿಸುವುದು ಇದಕ್ಕೊಂದು ಪರಿಹಾರ. ಮೂವರ ಅಂಕಗಳಲ್ಲಿ ನಡುವಿನದನ್ನು ಮಾತ್ರ ಪರಿಗಣಿಸುವುದು ಇನ್ನೊಂದು. ಹಾಗೆ ಮಾಡಿದ್ದರೆ ನಿಮ್ಮದು 72, ಅವರದು 70 ಆಗುತ್ತಿತ್ತು. ಆದರೆ ಫಲಿತಾಂಶ ಬಂದ ಮೇಲೆ ಈ ಲೆಕ್ಕವನ್ನು ಮುಂದಿಟ್ಟು ಬಹುಮಾನ ಕೇಳುವುದು ಸಲ್ಲದು. ಮೊತ್ತವೇ ಆಧಾರವೆಂದು ನಿಯಮಾವಳಿಯಲ್ಲಿದ್ದರೆ, ಅದನ್ನು ಒಪ್ಪಿಯೇ ನೀವು ಕಥೆ ಕಳಿಸಿದ್ದೀರಿ.

ಇನ್ನು ಮುನ್ನುಡಿಯ ಮಾತು. ಧಾರವಾಡ, ಗದಗ, ಹಾವೇರಿಯ ಬರಹಗಾರರಲ್ಲಿ ಒಬ್ಬರಿಗೊಬ್ಬರು ಮುನ್ನುಡಿ, ಬೆನ್ನುಡಿ ಬರೆಯದವರನ್ನು ಹುಡುಕುವುದೇ ಕಷ್ಟ (ಈ ಅಂಕಣಕಾರನೂ ಅದಕ್ಕೆ ಹೊರತಲ್ಲ). ಆದ್ದರಿಂದ ಪರಿಚಯ ಇದ್ದ ಮಾತ್ರಕ್ಕೆ ಪಕ್ಷಪಾತ ನಡೆದಿದೆ ಎನ್ನಲಾಗದು. ಹೆಸರು ಮರೆಮಾಡಿ ಕಥೆಗಳನ್ನು ಕೊಟ್ಟಿದ್ದೇವೆ ಎಂದು ಸಂಘಟಕರು ಹೇಳಬಹುದು. ಆದರೆ ಬಹಳಷ್ಟು ಜನ ಫೈಲಿಗೇ ತಮ್ಮ ಹೆಸರಿಟ್ಟು ಕಳಿಸುತ್ತಾರೆ, ಅದನ್ನು ಬದಲಿಸದೆ ತೀರ್ಪುಗಾರರಿಗೆ ದಾಟಿಸಿದರೆ ಒಳಗಿನ ಹೆಸರು ಅಳಿಸಿದ್ದು ವ್ಯರ್ಥ. ಅಲ್ಲದೆ, ಒಬ್ಬರ ಇಡೀ ಸಂಕಲನವನ್ನು ಓದಿ ಮುನ್ನುಡಿ ಬರೆದವರಿಗೆ ಅವರ ಶೈಲಿಯ ಗುರುತು ಹತ್ತದೇ ಇರುವುದೂ ಅಪರೂಪ. ಆ ತೀರ್ಪುಗಾರರು ನಂಟನ್ನು ಮೊದಲೇ ತಿಳಿಸಿ, ಆ ಒಂದು ಕಥೆಯ ಮೌಲ್ಯಮಾಪನದಿಂದ ಹಿಂದೆ ಸರಿಯಬೇಕಿತ್ತು. 1974ರ ಸಾಹಿತ್ಯ ನೊಬೆಲ್ ಅನ್ನು ಐವಿಂಡ್ ಜಾನ್ಸನ್ ಮತ್ತು ಹ್ಯಾರಿ ಮಾರ್ಟಿನ್‌ಸನ್ ಹಂಚಿಕೊಂಡಾಗ, ಇಬ್ಬರೂ ಆ ಪ್ರಶಸ್ತಿಯನ್ನು ನಿರ್ಧರಿಸುವ ಸ್ವೀಡಿಷ್ ಅಕಾಡೆಮಿಯ ಸದಸ್ಯರೇ ಆಗಿದ್ದರು. ಇಬ್ಬರೂ ಗಣ್ಯ ಲೇಖಕರೇ ಆದರೂ ಆಕ್ಷೇಪ ತಪ್ಪಲಿಲ್ಲ, ಇಂದಿಗೂ ಆ ವರ್ಷದ ಮಾತು ಬಂದಾಗ ಮೊದಲು ನೆನಪಾಗುವುದು ಅದೇ.

‘ಅಂತಿಮ’ ಎಂಬ ನಿಯಮ ಕಥೆಯ ಗುಣದ ತೀರ್ಮಾನಕ್ಕೆ ಅನ್ವಯಿಸುತ್ತದೆ. ಕೂಡಿಸುವ ಕ್ರಮಕ್ಕಾಗಲಿ, ಮುಚ್ಚಿಟ್ಟ ನಂಟಿಗಾಗಲಿ ಅಲ್ಲ. ಈ ಎರಡನ್ನೇ ಕೇಳಿ ಸಂಘಟಕರಿಗೆ ಪತ್ರ ಬರೆಯಿರಿ. ‘ಮೋಸ’ ಎಂಬ ಪದ ಅದರಲ್ಲಿ ಬೇಡ, ಏಕೆಂದರೆ ನಿಮ್ಮ ಕೈಯಲ್ಲಿರುವುದು ಅನುಮಾನವೇ ಹೊರತು ಪುರಾವೆಯಲ್ಲ. ಪ್ರಶ್ನೆ ಕೇಳಿದವರನ್ನು ಗುಂಪಿನಿಂದ ಹೊರಹಾಕಿದ್ದು ಮಾತ್ರ ಯಾವ ನಿಯಮದಲ್ಲೂ ಸಮರ್ಥನೀಯವಲ್ಲ.

ಪ್ರಶ್ನೆ: ನಾವು ಕೆಲ ಗೆಳೆಯರು ಕಥಾಸ್ಪರ್ಧೆ ನಡೆಸಲಿದ್ದೇವೆ. ಅರ್ಧ ಅಂಕ ಲೈಕುಗಳಿಗೆ ಇಟ್ಟರೆ ಪಕ್ಷಪಾತದ ದೂರು ತಪ್ಪುತ್ತದೆಯೇ? ಇಬ್ಬರಿಗೆ ಸಮ ಅಂಕ ಬಂದರೆ ಏನು ಮಾಡಬೇಕು?
– ಒಬ್ಬ ಸಂಘಟಕರು, ರಾಣೆಬೆನ್ನೂರು

ಉತ್ತರ: ದೂರು ತಪ್ಪುವುದಿಲ್ಲ, ಬೇರೆ ರೂಪದಲ್ಲಿ ಬರುತ್ತದೆ. ಲೈಕು ತಿಳಿಸುವುದು ಬರೆದವರ ಬಂಧುಬಳಗದ ಗಾತ್ರವನ್ನು; ಮೊದಲು ಪ್ರಕಟವಾದ ಕಥೆಗೆ ಲೈಕು ಬೀಳಲು ದಿನಗಳೂ ಹೆಚ್ಚು ಸಿಗುತ್ತವೆ. ಓದುಗರ ಮೆಚ್ಚುಗೆಗೆ ಬೇಕಾದರೆ ಬೇರೆಯೇ ಬಹುಮಾನವಿಡಿ, ತೀರ್ಪುಗಾರರ ಅಂಕಕ್ಕೆ ಅದನ್ನು ಸೇರಿಸಬೇಡಿ. ಸಮ ಅಂಕದ ನಿಯಮವನ್ನು ಕಥೆಗಳು ಬರುವ ಮೊದಲೇ ಬರೆದಿಡಿ. 1992ರಲ್ಲಿ ಬುಕರ್ ಪ್ರಶಸ್ತಿ ಇಬ್ಬರಿಗೆ ಹಂಚಿಹೋದ ಮೇಲೆ ಒಬ್ಬರಿಗೇ ಕೊಡಬೇಕೆಂಬ ನಿಯಮ ಬಂದಿತ್ತು. 2019ರ ತೀರ್ಪುಗಾರರು ಅದನ್ನು ಮೀರಿ ಮತ್ತೆ ಇಬ್ಬರನ್ನು ಆರಿಸಿದರು. ಹೆಚ್ಚು ತೀರ್ಪುಗಾರರು ಮೇಲಿನ ಸ್ಥಾನ ಕೊಟ್ಟ ಕಥೆಗೆ ಮೊದಲ ಬಹುಮಾನ, ಆಗಲೂ ಸಮವಾದರೆ ಬಹುಮಾನದ ಹಣ ಇಬ್ಬರಿಗೂ ಪಾಲು ಎಂಬ ಒಂದು ಸಾಲು ನಿಮ್ಮ ಪ್ರಕಟಣೆಯಲ್ಲಿದ್ದರೆ ಸಾಕು.