ಇಂಗ್ಲಿಷ್‌ನಲ್ಲಿ ಎರಡು ಮಾರ್ಕು ಕಡಿಮೆ: ನರ್ಸಿಂಗ್ ಸೀಟು ಸಿಗಬಹುದೇ?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯವಳು. ಹತ್ತರವರೆಗೆ ಕನ್ನಡ ಮಾಧ್ಯಮ. ಈ ಸಲ ಪ್ಲಸ್ ಟು ಸೈನ್ಸ್ ಪಾಸಾದೆ. 1200ಕ್ಕೆ 600 ಬಂದಿದೆ. ಕನ್ನಡ 180, ಬಯಾಲಜಿ 104, ಗಣಿತ 84, ಫಿಸಿಕ್ಸ್ 78, ಕೆಮಿಸ್ಟ್ರಿ 76, ಇಂಗ್ಲಿಷ್ 78. ನರ್ಸ್ ಆಗಬೇಕೆಂದು ತುಂಬ ಆಸೆ. ಅಪ್ಪ ಅಡಿಕೆ ತೋಟದ ಕೆಲಸಕ್ಕೆ ಹೋಗುತ್ತಾರೆ. ಒಬ್ಬ ಏಜೆಂಟ್ ಫೋನ್ ಮಾಡಿ, ‘ಮಾರ್ಕು ಎಷ್ಟಿದ್ದರೂ ಪರವಾಗಿಲ್ಲ, 50 ಸಾವಿರ ಅಡ್ವಾನ್ಸ್ ಕೊಟ್ಟರೆ ಬೆಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಸೀಟು ಖಾತ್ರಿ’ ಎನ್ನುತ್ತಿದ್ದಾರೆ. ಮಾರ್ಕು ಏರಿಸಲು ಇಂಪ್ರೂವ್‌ಮೆಂಟ್ ಪರೀಕ್ಷೆಗೆ ಬಯಾಲಜಿ ಬರೆಯಲಾ, ಅಥವಾ ಈ ಸೀಟು ತೆಗೆದುಕೊಳ್ಳಲಾ?

ಉತ್ತರ: ಆ 50 ಸಾವಿರವನ್ನು ಈಗಲೇ ಕೊಡಬೇಡಿ. ಇಂಪ್ರೂವ್‌ಮೆಂಟ್‌ಗೆ ಬಯಾಲಜಿಯನ್ನೂ ಆರಿಸಬೇಡಿ. ಎರಡಕ್ಕೂ ಕಾರಣ ನಿಮ್ಮ ಮಾರ್ಕ್‌ಲಿಸ್ಟಿನಲ್ಲೇ ಇದೆ.

ನಿಮ್ಮದು ಒಟ್ಟು 50 ಶೇಕಡಾ. ನರ್ಸಿಂಗ್‌ಗೆ ನೋಡುವುದು ಈ ಒಟ್ಟು ಲೆಕ್ಕವನ್ನು ಮಾತ್ರ ಅಲ್ಲ. ಬಿಎಸ್ಸಿ ನರ್ಸಿಂಗ್‌ಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರನ್ನು ಕೂಡಿಸುತ್ತಾರೆ. ನಿಮ್ಮದು 600ಕ್ಕೆ 258, ಅಂದರೆ 43 ಶೇಕಡಾ. ಕೇರಳದಲ್ಲಿ ಸಾಮಾನ್ಯ ವರ್ಗಕ್ಕೆ 50 ಶೇಕಡಾ ಬೇಕು. ಹಿಂದುಳಿದ ವರ್ಗದವರಿಗೆ 5 ಶೇಕಡಾ ರಿಯಾಯಿತಿ ಇದೆ, ಪರಿಶಿಷ್ಟರಿಗೆ ಇನ್ನೂ ಜಾಸ್ತಿ. ನಿಮ್ಮ ವರ್ಗ ಯಾವುದೆಂದು ಬರೆದಿಲ್ಲ. ಹಿಂದುಳಿದ ವರ್ಗವೇ ಆದರೂ 270 ಬೇಕು, 12 ಮಾರ್ಕು ಕಡಿಮೆ. ಕನ್ನಡದ 180 ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಬೇಸರದ ಮಾತು, ಆದರೆ ಮೊದಲೇ ತಿಳಿದಿರಲಿ.

ಜನರಲ್ ನರ್ಸಿಂಗ್, ಅಂದರೆ ಮೂರು ವರ್ಷದ ಜಿಎನ್‌ಎಂ ಡಿಪ್ಲೊಮಾ, ಇನ್ನೊಂದು ದಾರಿ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ನಿಯಮದಂತೆ ಇದಕ್ಕೆ ಒಟ್ಟು 40 ಶೇಕಡಾ ಸಾಕು, ಅದು ನಿಮ್ಮಲ್ಲಿ ಧಾರಾಳವಾಗಿದೆ. ಆದರೆ ಇಂಗ್ಲಿಷ್ ಒಂದರಲ್ಲೇ ಪ್ರತ್ಯೇಕವಾಗಿ 40 ಶೇಕಡಾ ಇರಬೇಕು. 200ಕ್ಕೆ 80. ನಿಮ್ಮದು 78. ಡಿ ಪ್ಲಸ್ ಗ್ರೇಡ್ ಬಂದರೆ ಪಾಸು ಎಂದು ಎಲ್ಲರೂ ನಿಶ್ಚಿಂತೆಯಿಂದ ಇರುತ್ತಾರೆ. ಆದರೆ ಡಿ ಪ್ಲಸ್ ಅಂದರೆ 30ರಿಂದ 39 ಶೇಕಡಾ. ಪ್ಲಸ್ ಟು ಪಾಸಾಗಲು ಅದು ಸಾಕು, ಜಿಎನ್‌ಎಂಗೆ ಸಾಲದು. ನಿಮಗೆ ಅಡ್ಡ ನಿಂತಿರುವುದು ಈ ಎರಡು ಮಾರ್ಕು.

ಹಾಗಾಗಿ ಮೊದಲು ಮಾಡಬೇಕಾದ ಕೆಲಸ ಇಂಗ್ಲಿಷ್ ಪೇಪರಿನ ಮರುಮೌಲ್ಯಮಾಪನ. ಉತ್ತರಪತ್ರಿಕೆಯ ಫೋಟೊಕಾಪಿಗೂ ಅರ್ಜಿ ಹಾಕಿ. ಕೈಗೆ ಬಂದಾಗ ನಿಮ್ಮ ಇಂಗ್ಲಿಷ್ ಮೇಷ್ಟ್ರ ಪಕ್ಕ ಕೂತು ಪುಟ ಪುಟ ನೋಡಿ. ಯಾವುದಾದರೂ ಉತ್ತರಕ್ಕೆ ಮಾರ್ಕು ಹಾಕಲು ಬಿಟ್ಟುಹೋಗಿದೆಯೇ, ಒಳಗಿನ ಮಾರ್ಕು ಮುಖಪುಟಕ್ಕೆ ಸರಿಯಾಗಿ ಏರಿದೆಯೇ, ಕೂಡಿಸಿದ್ದು ಸರಿಯೇ. ಎರಡು ಮಾರ್ಕಿನ ವಿಷಯದಲ್ಲಿ ಇದು ದೊಡ್ಡ ಸಂಗತಿ. ಫಲಿತಾಂಶ ಬಂದ ಮೇಲೆ ಇದಕ್ಕೆ ಸಿಗುವುದು ಕೆಲವೇ ದಿನ, ಅರ್ಜಿ ಕಲಿತ ಶಾಲೆಯ ಮೂಲಕವೇ ಹೋಗಬೇಕು. ಇವತ್ತೇ ಶಾಲೆಗೆ ಹೋಗಿ ಕೇಳಿ.

ಜೊತೆಗೇ ಇಂಪ್ರೂವ್‌ಮೆಂಟ್ ಅರ್ಜಿಯನ್ನೂ ಹಾಕಿ. ಫೇಲಾದವರಿಗೆ ನಡೆಯುವ ಸೇ ಪರೀಕ್ಷೆಯ ಜೊತೆ, ಪಾಸಾದವರೂ ಒಂದು ವಿಷಯ ಮತ್ತೆ ಬರೆಯಬಹುದು. ಒಂದೇ ಒಂದು. ಆ ಒಂದು ಇಂಗ್ಲಿಷ್ ಆಗಿರಲಿ. ಬಯಾಲಜಿಯಲ್ಲಿ ನಿಮ್ಮದು ಆಗಲೇ 52 ಶೇಕಡಾ, ಅಲ್ಲಿ ಏರಿಸಲು ಕಷ್ಟ ಜಾಸ್ತಿ. ಫಿಸಿಕ್ಸ್ ಬರೆದು 12 ಮಾರ್ಕು ಗಳಿಸಿದರೂ ಬಿಎಸ್ಸಿಗೆ ಬರೀ ಅರ್ಹತೆ ಸಿಕ್ಕೀತು, ಅದೂ ನೀವು ಹಿಂದುಳಿದ ವರ್ಗದವರಾದರೆ. ಕೇರಳದ ಬಿಎಸ್ಸಿ ಸೀಟುಗಳನ್ನು ಸರಕಾರದ ಪ್ರವೇಶ ಸಂಸ್ಥೆಯಾದ ಎಲ್‌ಬಿಎಸ್ ಕೇಂದ್ರ ಮಾರ್ಕಿನ ರ‍್ಯಾಂಕ್ ಮೇಲೆ ಹಂಚುತ್ತದೆ. 45 ಶೇಕಡಾದವರಿಗೆ ಸರಕಾರಿ ಸೀಟು ಸಿಗುವುದು ಕಷ್ಟ. ಇಂಗ್ಲಿಷ್‌ನಲ್ಲಿ ನಿಮಗೆ ಬೇಕಾದ್ದು ಎರಡೇ.

ಇಂಗ್ಲಿಷ್ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ನರ್ಸಿಂಗ್‌ನ ಮೊದಲ ವರ್ಷ ಒದ್ದಾಡುವುದು ಸೂಜಿ ಚುಚ್ಚುವುದರಲ್ಲಿ ಅಲ್ಲ, ಬರೆಯುವುದರಲ್ಲಿ. ರಾತ್ರಿ ಡ್ಯೂಟಿ ಮುಗಿದಾಗ ಪ್ರತಿ ರೋಗಿಯ ಬಗ್ಗೆ ಬರೆದು ಕೊಡಬೇಕು: ಎಷ್ಟು ಎಂಎಲ್ ಡ್ರಿಪ್ ಹೋಯಿತು, ಎಷ್ಟು ಮೂತ್ರ ಬಂತು, ಎಷ್ಟು ಗಂಟೆಗೆ ಜ್ವರ ಏರಿತು, ಯಾವ ಔಷಧ ಎಷ್ಟು ಎಂಜಿ ಕೊಟ್ಟಾಯಿತು. ಚಿಕ್ಕ ಚಿಕ್ಕ ವಾಕ್ಯ, ಅಷ್ಟೇ. ಆದರೆ ಮುಂದಿನ ಪಾಳಿಯವರು ಅದನ್ನೇ ನಂಬಿ ಔಷಧ ಕೊಡುತ್ತಾರೆ. ಇಂಪ್ರೂವ್‌ಮೆಂಟ್‌ಗೆ ಓದುವಾಗಲೇ ದಿನಕ್ಕೆ ಇಂಥ ಹತ್ತು ವಾಕ್ಯ ಬರೆದು ಅಭ್ಯಾಸ ಮಾಡಿ. ಆ ಶ್ರಮ ಪರೀಕ್ಷೆಗೂ ಆಗುತ್ತದೆ, ವಾರ್ಡಿಗೂ ಆಗುತ್ತದೆ.

ಈಗ ಏಜೆಂಟ್ ವಿಷಯ. ಮ್ಯಾನೇಜ್‌ಮೆಂಟ್ ಸೀಟಿಗೂ ಕನಿಷ್ಠ ಮಾರ್ಕಿನ ನಿಯಮ ಇದ್ದೇ ಇದೆ. ದುಡ್ಡು ಕೊಟ್ಟು ಕ್ಲಾಸಿನಲ್ಲಿ ಕೂತರೂ ಅರ್ಹತೆ ಇಲ್ಲದ ಪ್ರವೇಶವನ್ನು ವಿಶ್ವವಿದ್ಯಾಲಯ ಒಪ್ಪದಿದ್ದರೆ ಪರೀಕ್ಷೆ ಬರೆಯುವಂತಿಲ್ಲ. ಅಷ್ಟು ಹೊತ್ತಿಗೆ ದುಡ್ಡೂ ಹೋಗಿರುತ್ತದೆ, ಎಷ್ಟೋ ಕಡೆ ಒರಿಜಿನಲ್ ಸರ್ಟಿಫಿಕೇಟೂ ಕಾಲೇಜಿನ ಬೀರುವಿನಲ್ಲಿರುತ್ತದೆ. ಯಾವ ಕಾಲೇಜಿಗೆ ಹೋಗುವುದಾದರೂ ಮೂರು ಕಡೆ ಹೆಸರು ಹುಡುಕಿ. ಆ ರಾಜ್ಯದ ನರ್ಸಿಂಗ್ ಕೌನ್ಸಿಲ್ ಪಟ್ಟಿ, ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಪಟ್ಟಿ, ಮತ್ತು ಪರೀಕ್ಷೆ ನಡೆಸುವ ಸಂಸ್ಥೆಯ ಪಟ್ಟಿ. ಕರ್ನಾಟಕದಲ್ಲಿ ಬಿಎಸ್ಸಿ ಆದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಜಿಎನ್‌ಎಂ ಆದರೆ ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ. ಗಡಿಯವರಾದ ನಮಗೆ ಇದು ಇನ್ನೂ ಮುಖ್ಯ. ಆಚೆ ಓದಿ ಈಚೆ ಕೆಲಸ ಮಾಡಲು ಕೇರಳದ ಕೌನ್ಸಿಲ್‌ನಲ್ಲಿ ನೋಂದಣಿ ಬೇಕು, ಮಾನ್ಯತೆಯ ತಕರಾರು ಅಲ್ಲೇ ಎದ್ದು ಎಷ್ಟೋ ಮಕ್ಕಳು ಸಿಕ್ಕಿಬಿದ್ದಿದ್ದಾರೆ.

ಕರ್ನಾಟಕದ ಬಿಎಸ್ಸಿಯ ಆಸೆ ಬಿಡಲಾಗದಿದ್ದರೆ ಮುಂದಿನ ವರ್ಷಕ್ಕೆ ತಯಾರಾಗಿ. ಅಲ್ಲಿನ ಸರಕಾರಿ ಕೋಟಾಕ್ಕೆ ಸಿಇಟಿ ಬರೆಯಬೇಕು. ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕಿನ ಕನ್ನಡ, ತುಳು ಮನೆಮಾತಿನವರಿಗೆ ಗಡಿನಾಡ ಕನ್ನಡಿಗರೆಂದು ಅರ್ಜಿ ಹಾಕುವ ಅವಕಾಶ ಇದೆ, ಅದಕ್ಕೊಂದು ಕನ್ನಡ ಪರೀಕ್ಷೆ ಇರುತ್ತದೆ. 180 ತೆಗೆದ ನಿಮಗೆ ಅದು ಕಷ್ಟವಲ್ಲ. ಆದರೂ ಸೈನ್ಸ್ ಮಾರ್ಕು ಏರಿಸದೆ ಅಲ್ಲಿಯೂ ಬಾಗಿಲು ತೆರೆಯದು.

ಜಿಎನ್‌ಎಂ ಅಂದರೆ ಕಡಿಮೆ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಕೇರಳ ಲೋಕಸೇವಾ ಆಯೋಗದ (ಪಿಎಸ್‌ಸಿ) ಸ್ಟಾಫ್ ನರ್ಸ್ ಹುದ್ದೆಗೆ ಸೈನ್ಸ್ ಓದಿ ಜಿಎನ್‌ಎಂ ಮಾಡಿದವರೂ ಅರ್ಜಿ ಹಾಕಬಹುದು. ಮುಗಿಸಿ ನೋಂದಣಿ ಆದ ಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿದರೆ ಡಿಗ್ರಿಯೂ ಕೈಗೆ ಬರುತ್ತದೆ. ಮೂರು ವರ್ಷಕ್ಕೇ ಸಂಬಳ ಶುರುವಾಗಬಹುದು ಅನ್ನುವುದು ನಿಮ್ಮ ಮನೆಗೆ ಸಣ್ಣ ವಿಷಯವಲ್ಲ. ಕೇರಳದ ಸರಕಾರಿ ನರ್ಸಿಂಗ್ ಶಾಲೆಗಳ ಪ್ರವೇಶ ಆರೋಗ್ಯ ಇಲಾಖೆಯ ಮೂಲಕ, ಫೀಸು ತೀರಾ ಕಡಿಮೆ. ಮೊದಲು ಅಲ್ಲಿ ಅರ್ಜಿ ಹಾಕಿ, ಖಾಸಗಿ ಶಾಲೆ ಆಮೇಲೆ.

ನಿಮ್ಮ ಊರಿನ ಸುತ್ತ ನಿಮ್ಮಂಥ ನರ್ಸ್ ಬೇಕೇ ಬೇಕು. ಎಂಡೋಸಲ್ಫಾನ್ ಕೀಟನಾಶಕದಿಂದ ನೊಂದ ಎಣ್ಮಕಜೆಯಂಥ ಪಂಚಾಯತಿಗಳಲ್ಲಿ ಹಾಸಿಗೆ ಹಿಡಿದವರ ಮನೆಗೆ ಪಾಲಿಯೇಟಿವ್ ನರ್ಸ್, ಅಂದರೆ ನೋವು ತಗ್ಗಿಸಿ ಆರೈಕೆ ಮಾಡುವವರು, ಹೋಗುತ್ತಾರೆ. ಅಲ್ಲಿನ ಅಜ್ಜಿ ನೋವನ್ನು ಹೇಳುವುದು ತುಳುವಿನಲ್ಲಿ, ಇಲ್ಲಾ ಕನ್ನಡದಲ್ಲಿ. ಅದು ನಿಮಗೆ ಅರ್ಥವಾಗುತ್ತದೆ.

ಪ್ರಶ್ನೆ: ನಾವು ಮಹಾರಾಷ್ಟ್ರದ ಅಕ್ಕಲಕೋಟೆ ತಾಲೂಕಿನವರು. ಮಗ ಕಾಮರ್ಸ್‌ನಲ್ಲಿ 12ನೇ ತರಗತಿ ಮುಗಿಸಿದ್ದಾನೆ, 46 ಶೇಕಡಾ. ಅವನಿಗೆ ನರ್ಸಿಂಗ್ ಆಗುತ್ತದಾ?

ಉತ್ತರ: ಜಿಎನ್‌ಎಂ ಆಗುತ್ತದೆ. ಅದಕ್ಕೆ ಆರ್ಟ್ಸ್, ಕಾಮರ್ಸ್ ಓದಿದವರನ್ನೂ ತೆಗೆದುಕೊಳ್ಳಬಹುದು, ಹುಡುಗರಿಗೂ ಅವಕಾಶ ಇದೆ. ಇಂಗ್ಲಿಷ್‌ನಲ್ಲಿ 40 ಶೇಕಡಾ ಇದೆಯೇ ಎಂದು ಮೊದಲು ನೋಡಿ. ಬಿಎಸ್ಸಿಗೆ ಸೈನ್ಸ್ ಬೇಕೇ ಬೇಕು, ಹಾಗಾಗಿ ನೇರವಾಗಿ ಆಗದು. ಎರಡು ವರ್ಷದ ಎಎನ್‌ಎಂ (ಸಹಾಯಕ ನರ್ಸ್ ಮತ್ತು ಹೆರಿಗೆ ಆರೈಕೆ) ಕೋರ್ಸ್ ಹೆಣ್ಣುಮಕ್ಕಳಿಗೆ ಮಾತ್ರ. ಆ ಸೀಟನ್ನು ಹುಡುಗನಿಗೆ ಕೊಡಿಸುತ್ತೇನೆ ಎಂದು ಯಾರಾದರೂ ಬಂದರೆ ಅವರ ಹತ್ತಿರ ಮಾತು ಮುಂದುವರಿಸಬೇಡಿ. ಸೈನ್ಸ್ ಓದಿರಬೇಕು ಎಂದು ಕೇಳುವ ಸರಕಾರಿ ಹುದ್ದೆಗಳೂ ಇವೆ, ಆದ್ದರಿಂದ ಸೇರುವ ಮುಂಚೆ ಮಗನ ಜೊತೆ ಕೂತು ಒಂದೆರಡು ಹಳೆಯ ನೇಮಕಾತಿ ಜಾಹೀರಾತು ಓದಿ ನೋಡಿ.