ಹಳ್ಳಿಗೆ ಹಲ್ಲಿನ ಡಾಕ್ಟರ್ ಯಾಕ ಬರವಲ್ರು? ಓದುಗರ ಪ್ರಶ್ನೆ, ಡಾಕ್ಟರ್ ಉತ್ತರ

ಈ ಸಲ ಬಂದ ಪತ್ರದಾಗ ಹಲ್ಲುನೋವಿಂದು ಕಡಿಮಿ, ಹಲ್ಲಿನ ಡಾಕ್ಟರ್ ಸಿಗೂದಿಲ್ಲ ಅನ್ನೂವ ಜಾಸ್ತಿ ಅದಾವ. ಗದಗ ಮತ್ತ ಹಾವೇರಿ ಕಡಿಂದ ಬಂದ ಐದು ಪತ್ರ ಆರಿಸ್ಕೊಂಡೀನಿ. ನಾನೂ ತಾಲೂಕು ದವಾಖಾನ್ಯಾಗ ಭಾಳ ವರ್ಷ ಹಲ್ಲು ನೋಡಿದಾಂವ, ಹಿಂಗಾಗಿ ಉತ್ತರ ಸ್ವಲ್ಪ ಉದ್ದ ಆದ್ರ ತಡ್ಕೋರಿ.

ಪ್ರಶ್ನೆ: ಸರ್, ನಾನು ಧಾರವಾಡದಾಗ ಬಿಡಿಎಸ್ (ಹಲ್ಲಿನ ಡಾಕ್ಟರ್ ಓದು) ಇಂಟರ್ನ್‌ಶಿಪ್ ಮಾಡಾಕತ್ತೀನಿ, ಊರು ರೋಣ ತಾಲೂಕಿನ ಹಳ್ಳಿ. ಅಪ್ಪಾ ಎಜುಕೇಶನ್ ಲೋನ್ ತಗದಾರ. ಗೆಳತ್ಯಾರೆಲ್ಲಾ ಬೆಂಗಳೂರು, ಪುಣೆ ಅಂತಾರ, ನನಗ ನಮ್ಮ ಕಡೇನ ಕ್ಲಿನಿಕ್ ಹಾಕೂ ಆಸೆ. ಹಳ್ಳಿ ಕಡೆ ಕೆಲಸ ಮಾಡೂ ಹಲ್ಲಿನ ಡಾಕ್ಟರ್‌ಗೆ ಸರ್ಕಾರ ಸಾಲ ತೀರಸೂದೋ ಸಬ್ಸಿಡಿ ಕೊಡೂದೋ ಏನರ ಐತೇನ್ರಿ?

ಉತ್ತರ: ಮೊದ್ಲ ಖರೆ ಹೇಳಿಬಿಡ್ತೀನಿ ತಂಗಿ. ಹಳ್ಳ್ಯಾಗ ಇಷ್ಟು ವರ್ಷ ದುಡಿ, ನಿನ್ನ ಓದಿನ ಸಾಲ ನಾವು ತುಂಬ್ತೀವಿ ಅನ್ನೂ ಸ್ಕೀಮ್ ಹಲ್ಲಿನ ಡಾಕ್ಟರ್‌ಗಳಿಗೆ ನಮ್ಮ ದೇಶದಾಗ ಇಲ್ಲ. ಇರಬೇಕಿತ್ತು. ದೇಶದಾಗ ಮುನ್ನೂರಕ್ಕಿಂತ ಹೆಚ್ಚು ಡೆಂಟಲ್ ಕಾಲೇಜ್ ಅದಾವ, ನಮ್ಮ ರಾಜ್ಯದಾಗನ ನಲವತ್ತರ ಮ್ಯಾಲೆ ಅದಾವ, ಧಾರವಾಡದ ಎಸ್‌ಡಿಎಂ ಡೆಂಟಲ್ ಕಾಲೇಜ್ 1986ರಿಂದ ನಡದೈತಿ, ಡಾಕ್ಟರ್ ತಯಾರಾಗೂದು ನಿಂತಿಲ್ಲ, ಆದ್ರ ತಯಾರಾದವ್ರು ಹೋಗಿ ನಿಲ್ಲೂದು ಹುಬ್ಬಳ್ಳಿ ವಿದ್ಯಾನಗರದಂಥಾ ಕಡೆ, ಒಂದ ರಸ್ತೆಕ್ಕ ನಾಕು ಬೋರ್ಡ್.

ಈಗ ನಿನಗ ಉಪಯೋಗ ಆಗೂದು ಹೇಳ್ತೀನಿ. ಲೋನ್ ತಗೋವಾಗ ಮನಿ ವರ್ಷದ ಆದಾಯ 4.5 ಲಕ್ಷದೊಳಗ ಇದ್ರ ಓದೂ ಕಾಲದ್ದು ಮತ್ತ ಓದು ಮುಗದ ಮ್ಯಾಲಿನ ಒಂದು ವರ್ಷದ ಬಡ್ಡಿ ಕೇಂದ್ರ ಸರ್ಕಾರ ತುಂಬೂ ಯೋಜನೆ ಐತಿ, ಅದಕ್ಕ ಕಾಲೇಜಿನ ಮಾನ್ಯತೆ ನೋಡ್ತಾರ, ನಿಮ್ಮ ಅಪ್ಪಾಜಿಯವ್ರು ಅದಕ್ಕ ಅರ್ಜಿ ಕೊಟ್ಟಾರೋ ಇಲ್ಲೋ ಬ್ಯಾಂಕಿನ್ಯಾಗ ಇವತ್ತ ಕೇಳು, ಭಾಳ ಮಂದಿ ಗೊತ್ತಿಲ್ದ ಬಿಟ್ಟಬಿಟ್ಟಾರ. ಕಂತು ಸಾಮಾನ್ಯವಾಗಿ ಕೋರ್ಸ್ ಮುಗದು ಒಂದು ವರ್ಷಕ್ಕ ಚಾಲೂ ಆಗ್ತೈತಿ, 15 ವರ್ಷದ ತನ ಹಚ್ಚಿಕೊಡಾಕ ಬರ್ತೈತಿ. ಕಂತು ಸಣ್ಣದ ಮಾಡಿಸ್ಕೋ. ಹಳ್ಳ್ಯಾಗ ಮೊದಲ ಎರಡು ವರ್ಷ ಗಳಿಕಿ ಮಂದ ಇರ್ತೈತಿ, ಅಲ್ಲೆ ಕಂತು ಭಾರ ಆದ್ರ ಮನಸ್ಸಿದ್ದೂ ಊರು ಬಿಡಬೇಕಾಗ್ತೈತಿ.

ಕ್ಲಿನಿಕ್ ಹಾಕಾಕ ಮುದ್ರಾ ಲೋನ್ ನೋಡು, ಅಡ ಇಡೂದು ಬೇಕಾಗೂದಿಲ್ಲ, ಸಾಲದ ಮೊತ್ತದ ಮ್ಯಾಲೆ ಅದರಾಗ ವರ್ಗ ಅದಾವ, ಕಿಶೋರ್‌ದಾಗ 5 ಲಕ್ಷದ ತನ, ತರುಣ್‌ದಾಗ 10 ಲಕ್ಷದ ತನ ಸಿಗ್ತೈತಿ. ಇದು ಹಳ್ಳಿಗಂತನ ಇರೂ ಯೋಜನೆ ಅಲ್ಲ, ಸಬ್ಸಿಡೀನೂ ಅಲ್ಲ, ಸಾಲನ, ತಿರುಗಿ ತುಂಬಬೇಕು. ಅದರ ಸಂಗ್ತೀಲೆ ಕಾಗದಪತ್ರ: ರಾಜ್ಯ ಡೆಂಟಲ್ ಕೌನ್ಸಿಲ್ ನೋಂದಣಿ, 2007ರ ಕೆಪಿಎಂಇ (ಖಾಸಗಿ ದವಾಖಾನಿಗಳ) ಕಾಯ್ದೆ ಪ್ರಕಾರ ಕ್ಲಿನಿಕ್ ನೋಂದಣಿ, ಸೂಜಿ ರಕ್ತ ಹತ್ತಿದ ಹತ್ತಿ ಇಂಥಾ ಕಸಕ್ಕ ಮಾಲಿನ್ಯ ನಿಯಂತ್ರಣ ಮಂಡಳಿ ಅನುಮತಿ, ಎಕ್ಸ್-ರೇ ಇಟ್ರ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಅಂದ್ರ ಎಇಆರ್‌ಬಿ ನೋಂದಣಿ. ಇವನ್ನ ಇಂಟರ್ನ್‌ಶಿಪ್ಪಿನ್ಯಾಗನ ಕಲ್ಕೋ.

ನನ್ನ ಮಾತು ಕೇಳೂದಾದ್ರ ಸೀದಾ ಹಳ್ಳ್ಯಾಗ ಹಾಕಬ್ಯಾಡ. ಹತ್ತು ಹನ್ನೆರಡು ಹಳ್ಳಿ ಮಂದಿ ಸಂತಿಗೆ ಬರೂ ಊರಾಗ ಹಾಕು. ಹಳ್ಳಿ ಮನಷ್ಯಾ ಹಲ್ಲಿಗಂತ ಬ್ಯಾರೆ ಒಂದಿನ ಕೂಲಿ ಬಿಟ್ಟು ಬರೂದಿಲ್ಲ, ಸಂತಿಗೆ ಬಂದಾಗ ಹಲ್ಲೂ ತೋರಿಸಿ ಹೋಗ್ತಾನ. ರೂಟ್ ಕೆನಾಲ್‌ಗೆ ನಾಕು ಸಲ ಬಾ ಅಂದ್ರ ಎರಡನೇ ಸಲಕ್ಕ ಬರೂದಿಲ್ಲ, ಅದಕ್ಕ ಬಂದ ದಿನಾನ ಎಷ್ಟು ಸಾಧ್ಯನೋ ಅಷ್ಟು ಮುಗಸೂ ರೂಢಿ ಬೆಳೆಸ್ಕೋ. ನೀ ಆ ಕಡೆ ಹುಡುಗಿ, ನಿನ್ನ ಮಾತು ಅವ್ರಿಗೆ ತಿಳೀತೈತಿ. ಹಳ್ಳ್ಯಾಗ ಹುಟ್ಟಿ ಬೆಳೆದವ್ರು ಹಳ್ಳಿ ಕಡೆ ಕೆಲಸಕ್ಕ ನಿಲ್ಲೂ ಸಾಧ್ಯತೆ ಜಾಸ್ತಿ, ಅಂಥಾ ಹುಡುಗರಿಗೆ ಸೀಟು ಕೊಡ್ರಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2010ರಾಗನ ಎಲ್ಲಾ ದೇಶಕ್ಕ ಹೇಳಿತ್ತು. ನಿನ್ನಂಥಾಕಿ ಒಬ್ಬಾಕಿನ್ನ ಅಲ್ಲೆ ಉಳಿಸ್ಕೊಳ್ಳಾಕ ಸರ್ಕಾರ ಖರ್ಚು ಮಾಡಿದ್ರ ಅದು ಹಾಳಾಗೂ ರೊಕ್ಕ ಅಲ್ಲ ಅಂತ ನಾ ಎಲ್ಲಿ ಬೇಕಾದ್ರೂ ಹೇಳ್ತೀನಿ.

ಪ್ರಶ್ನೆ: ಮಗಳು ಬಿಡಿಎಸ್ ಮುಗಿಸ್ಯಾಳ. ತಾಲೂಕು ದವಾಖಾನ್ಯಾಗ ಕಾಂಟ್ರ್ಯಾಕ್ಟ್ ಕೆಲಸ ಸಿಕ್ರ ಮುಂದ ಎಂಡಿಎಸ್ (ಬಿಡಿಎಸ್ ಆದ ಮ್ಯಾಲಿನ ಓದು) ಸೀಟಿಗೆ ಗ್ರಾಮೀಣ ಸೇವಾ ಮಾರ್ಕ್ಸ್ ಬರ್ತಾವ ಅಂತ ಯಾರೋ ಹೇಳಿದ್ರು, ಖರೇನ್ರಿ? (ಹಿರೇಕೆರೂರಿನ ತಂದೆಯೊಬ್ಬರು)

ಉತ್ತರ: ಅರ್ಧ ಖರೆ ರೀ. 2017ರ ಎಂಡಿಎಸ್ ನಿಯಮದಾಗ ಏನೈತಿ ಅಂದ್ರ, ಸರ್ಕಾರದ ಸೇವಾದಾಗ ಇದ್ದವ್ರು ಹಳ್ಳಿ, ದೂರದ ಇಲ್ಲಾ ಕಷ್ಟದ ಪ್ರದೇಶದಾಗ ಕೆಲಸ ಮಾಡಿದ್ರ ವರ್ಷಕ್ಕ ಪ್ರವೇಶ ಪರೀಕ್ಷೆ ನೀಟ್‌ದಾಗ ತಗದ ಅಂಕದ 10 ಪರ್ಸೆಂಟ್, ಹೆಚ್ಚಂದ್ರ 30 ಪರ್ಸೆಂಟ್ ರಾಜ್ಯ ಸರ್ಕಾರ ಕೂಡಿಸಿ ಕೊಡಬಹುದು. ಅಂದ್ರ ಮಗಳು 300 ತಗದ್ರ ಒಂದು ವರ್ಷದ ಸೇವಾಕ್ಕ 30, ಮೂರು ವರ್ಷಕ್ಕ 90. ಕೊಡಬಹುದು ಅಂತ ಐತಿ, ಕೊಡಬೇಕು ಅಂತಿಲ್ಲ, ಅದನ್ನ ಗಮನಿಸ್ರಿ. ಯಾವ ಊರು ಕಷ್ಟದ ಪ್ರದೇಶ ಅನ್ನೂದನ್ನೂ ರಾಜ್ಯನ ಗುರ್ತಿಸ್ತೈತಿ. ಕಾಂಟ್ರ್ಯಾಕ್ಟ್ ಕೆಲಸ ಅದರಾಗ ಹಿಡಿತಾರಂತ ಯಾರರ ಬಾಯಿಮಾತಿಲೆ ಹೇಳಿದ್ರ ನಂಬಬ್ಯಾಡ್ರಿ, ಆ ವರ್ಷದ ಪ್ರವೇಶದ ಅಧಿಸೂಚನೆ ಪೂರ್ತಿ ಓದ್ರಿ, ಆರ್ಡರ್ ಕಾಪಿ, ಹಾಜರಿ, ಸೇವಾ ಪ್ರಮಾಣಪತ್ರ ಮೊದಲ ದಿನದಿಂದ ಜೋಪಾನ ಇಡ್ರಿ.

ಒಂದು ಬ್ಯಾಸರದ ಮಾತೂ ಹೇಳಲಾ. ಈ ಅಂಕದ ಆಸೆಗೆ ಹುಡುಗ್ರು ಹಳ್ಳಿಗೆ ಬರ್ತಾರ, ಛಲೋನ ಕೆಲಸಾನೂ ಮಾಡ್ತಾರ, ಮೂರು ವರ್ಷಕ್ಕ ಅಂಕ ತುಂಬಿತು ಅಂದ್ರ ಹೋಗ್ತಾರ, ತಪ್ಪು ಅವರ್ದಲ್ಲ. ಎಂಡಿಎಸ್ ಮುಗಿಸಿ ತಿರುಗಿ ಬಂದವ್ರಿಗೆ ಏನೂ ಇಲ್ಲ. ಬಂದವ್ರಿಗೆ ಕೊಡೂದಕ್ಕಿಂತ ನಿಂತವ್ರಿಗೆ ಕೊಡೂದು ಹೆಚ್ಚಿರಬೇಕು, ಐದನೇ ವರ್ಷಕ್ಕ ಇಷ್ಟು, ಹತ್ತನೇ ವರ್ಷಕ್ಕ ಇಷ್ಟು ಅಂತ.

ಪ್ರಶ್ನೆ: ನಾನು ಮುಂಡರಗಿ ಕಡೆ ಪ್ರಾಥಮಿಕ ಶಾಲಿ ಶಿಕ್ಷಕಿ. ನಮ್ಮ ಮಕ್ಕಳ ಮುಂದಿನ ಹಲ್ಲು ಹಳದಿ, ಕೆಲವ್ರದು ಕಂದು ಬಣ್ಣ, ನಗೂವಾಗ ಬಾಯಿಗೆ ಕೈ ಅಡ್ಡ ಹಿಡಿತಾವ. ತಿಕ್ಕೂದಿಲ್ಲ ಅಂತ ಬೈತಿದ್ದೆ. ಇದು ನೀರಿನಿಂದ ಅಂತಾರ, ಹೌದೇನ್ರಿ? ಬ್ಯಾರೆ ದೇಶದಾಗ ಡಾಕ್ಟರ್‌ಗೆ ರೊಕ್ಕ ಕೊಟ್ಟು ಹಳ್ಳಿಗೆ ಕಳಸ್ತಾರಂತ, ನಮ್ಮಲ್ಲಿ ಯಾಕಿಲ್ಲ?

ಉತ್ತರ: ಅಕ್ಕಾರ, ಆ ಮಕ್ಕಳನ್ನ ಬೈಬ್ಯಾಡ್ರಿ, ಅದು ತಿಕ್ಕಿದ್ರ ಹೋಗೂ ಬಣ್ಣ ಅಲ್ಲ. ಬೋರಿನ ನೀರಿನ್ಯಾಗ ಫ್ಲೋರೈಡ್ ಲೀಟರ್‌ಗೆ 1.5 ಮಿಲಿಗ್ರಾಂ ದಾಟಿದ್ರ, ಹಲ್ಲು ಇನ್ನಾ ವಸಡಿನೊಳಗ ತಯಾರಾಗೂ ವಯಸ್ಸಿನ್ಯಾಗ, ಅಂದ್ರ ಹುಟ್ಟಿದಾಗಿಂದ ಸುಮಾರು ಎಂಟು ವರ್ಷದ ತನ ಅದನ್ನ ಕುಡದ್ರ, ಹಲ್ಲಿನ ಮ್ಯಾಲಿನ ಗಟ್ಟಿ ಪದರ ಸರಿಯಾಗಿ ಕೂಡೂದಿಲ್ಲ. ಮೊದ್ಲ ಬಿಳಿ ಗೆರಿ, ಆಮ್ಯಾಲೆ ಕಂದು ಬಣ್ಣ, ಜೋರಿದ್ರ ಸಣ್ಣ ಸಣ್ಣ ತಗ್ಗು. ಮುಂಡರಗಿ ಸೀಮಿ ಇದಕ್ಕ ಹಳೇ ಹೆಸರು. ಎಂಟು ದಾಟಿದ ಮ್ಯಾಲೆ ಮುಂದಿನ ಹಲ್ಲಿಗೆ ಹೊಸದಾಗಿ ಬರೂದಿಲ್ಲ, ಅದಕ್ಕ ಬಾಲವಾಡಿ ಮಕ್ಕಳಿಗೆ, ಒಂದನೇತ್ತಾ ಎರಡನೇತ್ತಾ ಮಕ್ಕಳಿಗೆ ಹೊಳಿ ನೀರು ಇಲ್ಲಾ ಶುದ್ಧ ನೀರಿನ ಘಟಕದ ನೀರ ಕುಡಸ್ರಿ, ಅಡಗಿಗೂ ಅದನ್ನ ಬಳಸ್ರಿ. ನೀರು ಕಾಯಿಸಿದ್ರ ಫ್ಲೋರೈಡ್ ಹೋಗೂದಿಲ್ಲ, ಇದನ್ನ ತಾಯಂದ್ರಿಗೆ ಹೇಳ್ರಿ, ಭಾಳ ಮಂದಿ ಕಾಯಿಸಿದ್ರ ಸಾಕು ಅನ್ಕೊಂಡಾರ. ಆದ ಕಲೆಗೆ ಪಾಲಿಶ್, ಬ್ಲೀಚಿಂಗ್, ಮ್ಯಾಲೆ ಹಲ್ಲಿನ ಬಣ್ಣದ್ದ ಸಿಮೆಂಟ್ ಹಚ್ಚೂದು ಎಲ್ಲಾ ಐತಿ, ಹೈಸ್ಕೂಲಿಗೆ ಬಂದ ಮ್ಯಾಲೆ ಮಾಡಿಸಿದ್ರ ಛಲೋ. 2013ರಿಂದ ಮಕ್ಕಳ ಆರೋಗ್ಯ ತಪಾಸಣಿ ಮಾಡೂ ಸರ್ಕಾರದ ಆರ್‌ಬಿಎಸ್‌ಕೆ ತಂಡ ಶಾಲಿಗೆ ವರ್ಷಕ್ಕ ಒಮ್ಮೆ ಮಕ್ಕಳನ್ನ ನೋಡಾಕ ಬರ್ತೈತಿ, ಹಲ್ಲೂ ಅವ್ರ ಪಟ್ಟ್ಯಾಗ ಐತಿ, ಕಲೆ ಇರೂ ಮಕ್ಕಳ ಹೆಸರು ಮೊದ್ಲ ಬರದು ಇಟ್ಟು ಕೈಯಾಗ ಕೊಡ್ರಿ.

ಬ್ಯಾರೆ ದೇಶದ್ದು ಕೇಳೀರಿ. ಅಮೆರಿಕದಾಗ 1970ರ ಕಾಯ್ದೆಯಿಂದ ನ್ಯಾಷನಲ್ ಹೆಲ್ತ್ ಸರ್ವಿಸ್ ಕೋರ್ ಅಂತ ಐತಿ. ಐದು ಸಾವಿರ ಮಂದಿಗೆ ಒಬ್ಬ ಹಲ್ಲಿನ ಡಾಕ್ಟರೂ ಸರಿಯಾಗಿ ಇಲ್ದ ಪ್ರದೇಶ ಗುರ್ತಿಸಿ, ಅಲ್ಲೆ ಎರಡು ವರ್ಷ ಪೂರ್ತಿ ಕೆಲಸ ಮಾಡಿದ್ರ ಓದಿನ ಸಾಲದಾಗ 50,000 ಡಾಲರ್ ತನ ಸರ್ಕಾರ ತೀರಸ್ತೈತಿ, ನಡುವ ಬಿಟ್ಟು ಹೋದ್ರ ದಂಡ. ಮೊದ್ಲ ಡಾಕ್ಟರ್ ಇಲ್ದ ಊರು ಯಾವು ಅಂತ ಲೆಕ್ಕ ಹಾಕಿದ್ದು ನನಗ ಸೇರ್ತೈತಿ, ನಮ್ಮಲ್ಲೂ ಹಂಗ ತಾಲೂಕುವಾರು ಪಟ್ಟಿ ಮಾಡಿ ಗೋಡೆಗೆ ಹಚ್ಚಬೇಕು. ಇಂಗ್ಲೆಂಡಿನ್ಯಾಗ 2024ರ ಫೆಬ್ರುವರಿದಾಗ, ಹಲ್ಲಿನ ಡಾಕ್ಟರ್ ಕಡಿಮಿ ಇರೂ ಕಡೆ ಮೂರು ವರ್ಷ ನಿಂತ್ರ 20,000 ಪೌಂಡ್ ಅಂತ 240 ಮಂದಿಗೆ ಹೇಳಿದ್ರು. ಒಂದು ವರ್ಷ ಆದ್ರೂ ಐದರಾಗ ಒಂದು ಪಾಲೂ ತುಂಬಲಿಲ್ಲ. ಯಾಕಂದ್ರ ಅಲ್ಲೆ ಸರ್ಕಾರಿ ಲೆಕ್ಕದಾಗ ಹಲ್ಲು ನೋಡಿದ್ರ ಸಿಗೂ ದರಾನ ಕಡಿಮಿ, ದಿನಾ ಕೈಗೆ ಹತ್ತೂದು ಸಾಲದಿದ್ರ, ಬಂದ ದಿನ ಕೊಟ್ಟ ಗಂಟಿನಿಂದ ಯಾರ ನಿಂತಾರು?

ಪ್ರಶ್ನೆ: ನನಗ 67 ವರ್ಷ, ಒಂದೂ ಹಲ್ಲಿಲ್ಲ, ರೊಟ್ಟಿ ನೀರಾಗ ನೆನೆಸಿ ತಿಂತೀನಿ. ಪುಕ್ಕಟ ಹಲ್ಲಿನ ಸೆಟ್ ಸಿಗ್ತೈತೇನ್ರಿ? (ಸವಣೂರಿನ ಹಿರಿಯರು)

ಉತ್ತರ: ಸಿಗ್ತೈತಿ ಅಜ್ಜಾರ. ಬಿಪಿಎಲ್ ಕಾರ್ಡ್ ಇದ್ದ ವಯಸ್ಸಾದವ್ರಿಗೆ ದಂತಭಾಗ್ಯ ಯೋಜನೆದಾಗ ಪೂರ್ತಿ ಸೆಟ್ ಪುಕ್ಕಟ, ಡೆಂಟಲ್ ಕಾಲೇಜಿನ ಮೂಲಕ ಮಾಡಿಕೊಡ್ತಾರ. ಮೊದ್ಲ ಸವಣೂರಿನ ಸರ್ಕಾರಿ ದವಾಖಾನಿಗೆ ಕಾರ್ಡ್, ಆಧಾರ್ ತಗೊಂಡು ಹೋಗಿ ಹಲ್ಲಿನ ಡಾಕ್ಟರ್ ಹತ್ರ ಹೆಸರು ಹಚ್ಚಸ್ರಿ. ಅಳತಿಗೆ, ಕಚ್ಚಿ ನೋಡಾಕ, ಹಾಕಾಕ ಅಂತ ಐದಾರು ಸಲ ಅಡ್ಡಾಡಬೇಕಾಗ್ತೈತಿ, ಮೊಮ್ಮಗನ್ನ ಜೋಡಿ ಕರ್ಕೊಂಡು ಹೋಗ್ರಿ. ಹೊಸಾ ಸೆಟ್ ಮೊದಲ ವಾರ ಒತ್ತಿ ಹುಣ್ಣಾಗ್ತೈತಿ, ತಗದು ಪೆಟ್ಟಿಗ್ಯಾಗ ಇಡಬ್ಯಾಡ್ರಿ, ತಿರುಗಿ ಹೋಗಿ ತಿಕ್ಕಿಸ್ಕೊಂಡು ಬರ್ರಿ.

ಪ್ರಶ್ನೆ: ನಾನು ಶಿರಹಟ್ಟಿ ತಾಲೂಕಿನ ಗ್ರಾಮ ಪಂಚಾಯ್ತಿ ಸದಸ್ಯ. ನಮ್ಮ ದವಾಖಾನಿಗೆ ಹಲ್ಲಿನ ಡಾಕ್ಟರ್ ಬೇಕಂತ ಮನವಿ ಕೊಡೋರಿದ್ದೀವಿ. ಪಂಚಾಯ್ತಿಂದ ಏನ್ ಮಾಡಿದ್ರ ಡಾಕ್ಟರ್ ನಿಲ್ತಾರ?

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕ ನಿಮಗ ಕೈ ಮುಗಿತೀನಿ. ನಿಮ್ಮದು ಪ್ರಾಥಮಿಕ ಆರೋಗ್ಯ ಕೇಂದ್ರ ಆಗಿದ್ರ ಹಲ್ಲಿನ ಡಾಕ್ಟರ್ ಹುದ್ದೆ ಸಿಗೂದು ಕಷ್ಟ, ಹುದ್ದೆ ಇರೂದು ಸಮುದಾಯ ಆರೋಗ್ಯ ಕೇಂದ್ರ ಮತ್ತ ತಾಲೂಕು ದವಾಖಾನ್ಯಾಗ. ಹಂಗಾಗಿ ವಾರಕ್ಕ ಒಂದಿನ ತಾಲೂಕಿನ ಡಾಕ್ಟರ್ ಬರೂ ಹಂಗ ಮಾಡ್ರಿ ಅಂತ ಜಿಲ್ಲಾ ಆರೋಗ್ಯಾಧಿಕಾರಿಗೆ ಬರದುಕೊಡ್ರಿ, ಆ ದಿನ ನಿಮ್ಮ ಸಂತಿ ದಿನಾನ ಇರ್ಲಿ.

ನಾ ಕೆಲಸ ಮಾಡಿದ ಒಂದು ದವಾಖಾನ್ಯಾಗ, ಹೆಸರು ಬ್ಯಾಡ, ಚೇರಿನ ಕಂಪ್ರೆಸರ್ ಕೆಟ್ಟು ಏಳು ತಿಂಗಳು ಬಿದ್ದಿತ್ತು. ಗಾಳಿ ಇಲ್ಲಂದ್ರ ಹಲ್ಲು ಕೊರಿಯೂ ಹ್ಯಾಂಡ್‌ಪೀಸ್ ತಿರುಗೂದಿಲ್ಲ. ಏಳು ತಿಂಗಳು ನಾ ಬರೇ ಹಲ್ಲು ಕಿತ್ತೆ, ಗುಳಿಗಿ ಬರದುಕೊಟ್ಟೆ. ಉಳಸಬಹುದಾಗಿದ್ದ ಹಲ್ಲು ಕಿತ್ತೀನ್ರಿ, ಹದಿನಾರು ವರ್ಷದ ಹುಡುಗೀದು ಒಂದು ದವಡಿ ಹಲ್ಲು ಈಗೂ ನೆನಪೈತಿ, ಹುಬ್ಬಳ್ಳಿಗೆ ಹೋಗಂದ್ರ ಆಕಿ ಅವ್ವ ಬಸ್ಸಿನ ರೊಕ್ಕ ಲೆಕ್ಕ ಹಾಕಿ ಕೀಳ್ರಿ ಸಾಹೇಬ್ರ ಅಂದಳು. ಆ ಏಳು ತಿಂಗಳದಾಗ ನಾ ಕೆಲಸ ಬಿಡೂ ವಿಚಾರ ಮಾಡಿದ್ದು ಪಗಾರ ಕಡಿಮಿ ಅಂತ ಅಲ್ಲ. ಕಲ್ತ ಕೈ ಸುಮ್ನ ಕುಂತಿತ್ತು, ಅದು ತಡ್ಕೊಳ್ಳಾಕ ಆಗಲಿಲ್ಲ. ಕಷ್ಟದ ಊರಿನ ಭತ್ಯೆ ಕೊಡ್ಲಿ, ಬೇಕು, ಆದ್ರ ಆ ಭತ್ಯೆ ಜೋಡಿ ಚೇರ್ ರಿಪೇರಿಗೆ ರೊಕ್ಕ, ಒಬ್ಬ ಸಹಾಯಕಿ, ಸಿಮೆಂಟು ಸೂಜಿ ಇಂಥಾ ಸಾಮಾನಿಗೆ ವರ್ಷಪೂರ್ತಿ ಸಪ್ಲೈ ಇರಲಿಲ್ಲಂದ್ರ ಡಾಕ್ಟರ್ ನಿಲ್ಲೂದಿಲ್ಲ.

ಅದಕ್ಕ ಪಂಚಾಯ್ತಿಂದ ಮಾಡೂದು ಇದು. ಒಂದು ಕೋಣಿ, ಅದಕ್ಕ ನಳದ ನೀರು (ಬೋರಿನ ಗಡಸು ನೀರು ಚೇರಿನ ಸಣ್ಣ ಪೈಪಿನ್ಯಾಗ ಸುಣ್ಣ ಕಟ್ಟಿ ಕೆಡಸ್ತೈತಿ, ಸಣ್ಣ ಫಿಲ್ಟರ್ ಹಚ್ಚಸ್ರಿ), ಕರೆಂಟ್ ಹೋದ್ರ ನಡೂವ ಕೆಲಸ ನಿಲ್ಲಬಾರ್ದು ಅಂತ ಬ್ಯಾಕಪ್. ಆರೋಗ್ಯ ರಕ್ಷಾ ಸಮಿತಿ ಹತ್ರ ಬಿಡಿ ಖರ್ಚಿಗೆ ರೊಕ್ಕ ಇರ್ತೈತಿ, ಸಣ್ಣ ರಿಪೇರಿ ಅದರಾಗ ಆಗ್ತೈತಿ, ಆ ಮೀಟಿಂಗಿನ್ಯಾಗ ನೀವು ಕುಂತು ಹಲ್ಲಿನ ಚೇರಿನ ಹೆಸರು ಬರಸ್ರಿ. ಡಾಕ್ಟರ್ ಹೆಣ್ಣುಮಗಳಾಗಿದ್ರ ಬಾಡಿಗೆ ಮನಿ ನೀವ ನೋಡಿಕೊಡ್ರಿ, ಬಸ್ ಸ್ಟ್ಯಾಂಡಿಗೆ ಹತ್ರ, ಅಕ್ಕಪಕ್ಕ ಮನಿ ಇರೂ ಕಡೆ. ಮನವಿ ಕೊಡೂದಕ್ಕಿಂತ ಮೊದ್ಲ ತಾಲೂಕು ದವಾಖಾನಿಗೆ ಹೋಗಿ ಅಲ್ಲಿನ ಹಲ್ಲಿನ ಚೇರ್ ಏಳ್ತೈತೋ ಇಲ್ಲೋ, ಗಾಳಿ ಬರ್ತೈತೋ ಇಲ್ಲೋ ನಿಂತು ನೋಡ್ಕೊಂಡು ಬರ್ರಿ, ಕೆಟ್ಟಿದ್ರ ಮನವಿಯ ಮೊದಲ ಸಾಲಿನ್ಯಾಗ ಅದನ್ನ ಬರೀರಿ.