ಎಷ್ಟು ಅಂಕ ಹಿಂದಿದ್ದರೆ ಮ್ಯಾಚ್ ಬಿಟ್ಟು ಎದ್ದು ಬರಬಹುದು?

ಅಮೆರಿಕನ್ ಫುಟ್‌ಬಾಲ್ ಪಂದ್ಯದಲ್ಲಿ ನಿಮ್ಮ ವೈಕಿಂಗ್ಸ್ ತಂಡ 33-0 ಹಿಂದೆ ಬಿದ್ದಾಗ ಮಿನಿಯಾಪೊಲಿಸ್ ಸ್ಟೇಡಿಯಂನಿಂದ ಗೆಳೆಯರನ್ನು ಎಬ್ಬಿಸಿಕೊಂಡು ಮನೆಗೆ ಹೊರಟಿರಿ. ವೈಕಿಂಗ್ಸ್ ಗೆದ್ದುಬಿಟ್ಟಿತು. ಎಷ್ಟು ಅಂತರ ಇದ್ದರೆ ಹೊರಡುವುದು ಜಾಣತನ, ಅದಕ್ಕೇನಾದರೂ ಲೆಕ್ಕ ಇದೆಯಾ ಅಂತ ಕೇಳಿದ್ದೀರಿ. ಸ್ವಾಮಿ, 2022ರ ಡಿಸೆಂಬರ್‌ನಿಂದ ನಾನು ನಿಮ್ಮನ್ನೇ ಹುಡುಕುತ್ತಿದ್ದೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಾನು ಎದ್ದು ಬಂದಿದ್ದು 35-3 ಆದಾಗ. 1993ರ ಜನವರಿ 3, ಭಾನುವಾರ. ಬಫಲೋ ಪಕ್ಕದ ಆರ್ಚರ್ಡ್ ಪಾರ್ಕ್, ರಿಚ್ ಸ್ಟೇಡಿಯಂ. ಬಫಲೋ ಬಿಲ್ಸ್ ಮತ್ತು ಹ್ಯೂಸ್ಟನ್ ಆಯ್ಲರ್ಸ್ ನಡುವೆ ಪ್ಲೇಆಫ್, ಅಂದರೆ ಸೋತವರು ಮನೆಗೆ ಹೋಗುವ ಪಂದ್ಯ. ಅದನ್ನು ಈಗ ಎಲ್ಲರೂ ‘ದ ಕಮ್‌ಬ್ಯಾಕ್’ ಅಂತಾರೆ. ನಿಮ್ಮ ಮ್ಯಾಚ್ ಬರುವ ತನಕ, ಸುಮಾರು ಮೂವತ್ತು ವರ್ಷ, ಈ ಆಟದ ದೊಡ್ಡ ಲೀಗ್ ಆದ ಎನ್‌ಎಫ್‌ಎಲ್ ಇತಿಹಾಸದಲ್ಲೇ ದೊಡ್ಡ ಚೇತರಿಕೆ ಅದು. ನಾನು ಅದರ ಕೆಟ್ಟ ಭಾಗವನ್ನೆಲ್ಲ ಕಣ್ಣಾರೆ ನೋಡಿದೆ. ಒಳ್ಳೆಯ ಭಾಗ ಶುರುವಾಗುವ ಹೊತ್ತಿಗೆ ಮೆಟ್ಟಿಲು ಹತ್ತುತ್ತಿದ್ದೆ.

ನಾನಾಗ ಬಫಲೋದಲ್ಲಿ ಮೆಕ್ಯಾನಿಕಲ್ ಎಂ.ಎಸ್. ಓದುತ್ತಿದ್ದೆ. ದಾವಣಗೆರೆಯಿಂದ ಹೋಗಿ ಐದು ತಿಂಗಳಾಗಿತ್ತು. ಚಳಿಗಾಲದ ರಜೆ, ಊರಿಗೆ ಬರಲು ದುಡ್ಡಿಲ್ಲ. ನಮ್ಮ ಲ್ಯಾಬಿನಲ್ಲಿ ಒಬ್ಬ ಟೆಕ್ನಿಷಿಯನ್ ಇದ್ದರು, ಐವತ್ತು ದಾಟಿದವರು, ಲ್ಯಾಕವಾನಾದವರು. ಮೊದಲು ಅಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿದ್ದು, ಅದು ನಿಂತ ಮೇಲೆ ನಮ್ಮ ಲ್ಯಾಬಿಗೆ ಬಂದಿದ್ದರು. ಅವರ ಬಳಿ ಎರಡು ಸೀಟಿನ ಸೀಸನ್ ಟಿಕೆಟ್. ಆ ವಾರ ಅವರ ಹೆಂಡತಿ ಬರಲ್ಲ ಅಂದರು. ಬರಲಿಕ್ಕೆ ಕಾರಣವೂ ಇರಲಿಲ್ಲ ಬಿಡಿ. ಹಿಂದಿನ ವಾರವಷ್ಟೇ ಇದೇ ಆಯ್ಲರ್ಸ್ ಹ್ಯೂಸ್ಟನ್‌ನಲ್ಲಿ ಬಿಲ್ಸ್‌ಗೆ 27-3ರಲ್ಲಿ ಚಚ್ಚಿ ಕಳಿಸಿತ್ತು. ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಜಿಮ್ ಕೆಲಿ ಮಂಡಿಗೆ ಪೆಟ್ಟು ಮಾಡಿಕೊಂಡಿದ್ದ. ಅವನ ಜಾಗಕ್ಕೆ ಫ್ರಾಂಕ್ ರೈಕ್ ಅನ್ನುವ ಬದಲಿ ಆಟಗಾರ. ಟಿಕೆಟ್ಟೂ ಪೂರ್ತಿ ಮಾರಾಟವಾಗಿರಲಿಲ್ಲ. ಆಗಿನ ನಿಯಮದ ಪ್ರಕಾರ ಟಿಕೆಟ್ ಖಾಲಿಯಾಗದಿದ್ದರೆ ಸುತ್ತಲಿನ ಊರುಗಳ ಟಿವಿಯಲ್ಲಿ ಪಂದ್ಯ ತೋರಿಸುತ್ತಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಎಲ್ಲರೂ ಎದ್ದು ಬಂದಿದ್ದೇ ತಪ್ಪು ಅಂತಾರೆ. ಅಲ್ಲ. ತಪ್ಪು ಅದಕ್ಕಿಂತ ಮೂರು ಗಂಟೆ ಮೊದಲೇ ಆಗಿತ್ತು.

ಅಬಟ್ ರೋಡ್ ಪಕ್ಕದಲ್ಲಿ ಮನೆಯವರು ತಮ್ಮ ಹುಲ್ಲುಹಾಸಿನ ಮೇಲೇ ಕಾರು ನಿಲ್ಲಿಸಿಕೊಂಡು ದುಡ್ಡು ತಗೊಳ್ಳುತ್ತಾರೆ. ಅಲ್ಲಿ ಇಳಿದಾಗ ಟೆಕ್ನಿಷಿಯನ್ ಡಿಕ್ಕಿಯಿಂದ ಬಿಯರ್ ಪೆಟ್ಟಿಗೆಯ ಎರಡು ರಟ್ಟು ತೆಗೆದರು. ಒಂದನ್ನು ನನಗೆ ಕೊಟ್ಟು “ಕಾಲಿಗೆ” ಅಂದರು. ನನ್ನ ಶೂಗೆ ಕೆಸರು ಮೆತ್ತಿತ್ತು. ಕಾರಿಗೆ ಕೊಳೆ ಆಗದಿರಲಿ ಅಂತ ಹೇಳುತ್ತಿದ್ದಾರೆ ಅಂದುಕೊಂಡೆ. ಅಚ್ಚುಕಟ್ಟಾಗಿ ರಟ್ಟಿನ ಮೇಲೆ ಎರಡೂ ಕಾಲು ಒರೆಸಿದೆ. ಆಮೇಲೆ ಸಂಭಾವಿತನ ಹಾಗೆ ಅದನ್ನು ಮಡಚಿ ಕಸದ ಡ್ರಮ್ಮಿಗೆ ಹಾಕಿದೆ. ಅವರು ನೋಡಿದರು. ಏನೂ ಹೇಳಲಿಲ್ಲ. ಇಂಡಿಯಾದವರು ರಟ್ಟು ಇಲ್ಲದೆಯೇ ಕೂರುತ್ತಾರೇನೋ ಅಂದುಕೊಂಡರಂತೆ.

ಆ ರಟ್ಟು ಕಾಲಡಿ ಹಾಕಿಕೊಳ್ಳಲಿಕ್ಕೆ. ಸ್ಟೇಡಿಯಂನ ನೆಲ ಕಾಂಕ್ರೀಟ್. ಅದು ರಾತ್ರಿಯೆಲ್ಲ ತಣ್ಣಗಾಗಿ ಕೂತಿರುತ್ತದೆ. ಅದರ ಮೇಲೆ ಕಾಲಿಟ್ಟರೆ ಕಾಲಿನ ಬಿಸಿಯನ್ನು ಹೀರುತ್ತಲೇ ಇರುತ್ತದೆ, ಅದಕ್ಕೆ ತೃಪ್ತಿ ಅನ್ನುವುದೇ ಇಲ್ಲ. ರಟ್ಟಿನ ಎರಡು ಹಾಳೆಗಳ ನಡುವೆ ಅಲೆಅಲೆಯಾದ ಇನ್ನೊಂದು ಹಾಳೆ ಇರುತ್ತದಲ್ವಾ, ಆ ಸಂದಿಯಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ನಿಂತ ಗಾಳಿಯಲ್ಲಿ ಬಿಸಿ ಸುಲಭವಾಗಿ ದಾಟುವುದಿಲ್ಲ. ಅಷ್ಟೇ ವಿಷಯ. ಮೂರು ಗಂಟೆ ಆರಾಮವಾಗಿ ಕೂರಬಹುದು. ಇದರ ಜೊತೆಗೆ ನಾನು ಚಳಿ ಅಂತ ಎರಡು ಜೊತೆ ಹತ್ತಿ ಕಾಲುಚೀಲ ಹಾಕಿದ್ದೆ. ಅದೂ ತಪ್ಪೇ. ಶೂ ಬಿಗಿಯಾಗಿ ರಕ್ತ ಓಡಲಿಲ್ಲ. ಹತ್ತಿ ಬೆವರು ಹೀರಿ ಒದ್ದೆಯಾಗಿ ಕೂತಿತು. ಉಣ್ಣೆಯದ್ದು ಒಂದೇ ಒಂದು ಜೊತೆ, ಒಂದು ಸೈಜ್ ದೊಡ್ಡ ಶೂ ಹಾಕಿದ್ದರೆ ಸಾಕಿತ್ತು. ಇದನ್ನೆಲ್ಲ ಇಷ್ಟು ವಿವರವಾಗಿ ಯಾಕೆ ಹೇಳುತ್ತಿದ್ದೇನೆ ಅಂದರೆ, ನಾನು ಎಂ.ಎಸ್.ನಲ್ಲಿ ಓದುತ್ತಿದ್ದ ವಿಷಯವೇ ಹೀಟ್ ಟ್ರಾನ್ಸ್‌ಫರ್. ಆ ಸೆಮಿಸ್ಟರ್ ಅದರಲ್ಲಿ ನನಗೆ ‘ಎ’ ಬಂದಿತ್ತು.

ಮೊದಲರ್ಧದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆಯ್ಲರ್ಸ್‌ನ ವಾರೆನ್ ಮೂನ್ ನಾಲ್ಕು ಟಚ್‌ಡೌನ್ ಎಸೆದ. ಟಚ್‌ಡೌನ್ ಅಂದರೆ ಚೆಂಡನ್ನು ಎದುರಾಳಿಯ ತುದಿಯ ಗೆರೆ ದಾಟಿಸುವುದು. 28-3. ಅವನು ಎಸೆದ ಚೆಂಡು ನೆಲಕ್ಕೆ ಬೀಳುವುದನ್ನೇ ನೋಡಲಿಲ್ಲ ಅನ್ನುವಷ್ಟು ಚೆನ್ನಾಗಿ ಆಡಿದ. ವಿರಾಮದಲ್ಲೇ ಜನ ಎದ್ದು ಹೊರಟರು. ಎರಡನೇ ಅರ್ಧ ಶುರುವಾಗಿ ಎರಡು ನಿಮಿಷವೂ ಆಗಿರಲಿಲ್ಲ, ರೈಕ್ ಎಸೆದ ಚೆಂಡನ್ನು ಆಯ್ಲರ್ಸ್‌ನ ಬಬ್ಬಾ ಮೆಕ್‌ಡವೆಲ್ ಹಿಡಿದು 58 ಗಜ ಓಡಿ ಗೆರೆ ದಾಟಿದ. 35-3.

ಟೆಕ್ನಿಷಿಯನ್‌ಗೆ ಆಟದ ಚಿಂತೆ, ನನಗೆ ಕಾಲ್ಬೆರಳಿನ ಚಿಂತೆ. ಎಡಗಾಲಿನ ಎರಡು ಬೆರಳು ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಆದರೆ ಚಳಿ ಅಂತ ಹೇಳಲು ನಾಚಿಕೆ. ಪಕ್ಕದ ಸಾಲಿನಲ್ಲಿ ಒಬ್ಬ ಅಂಗಿಯನ್ನೇ ಹಾಕಿರಲಿಲ್ಲ. ಅದಕ್ಕೆ ಲೆಕ್ಕ ಹೇಳಿದೆ. 32 ಅಂಕ ಹಿಂದಿದ್ದೇವೆ. ಟಚ್‌ಡೌನ್‌ಗೆ ಆರು, ಅದರ ಮೇಲೆ ಕಿಕ್‌ಗೆ ಒಂದು. ಟಚ್‌ಡೌನ್ ಆದ ಮೇಲೆ ಎರಡು ಅಂಕಕ್ಕೆ ಪ್ರಯತ್ನಿಸುವ ಅವಕಾಶ ಎನ್‌ಎಫ್‌ಎಲ್‌ಗೆ ಬಂದಿದ್ದು 1994ರಲ್ಲಿ, ಆಗ ಇರಲಿಲ್ಲ. ಹಾಗಾಗಿ ಐದು ಸಲ ಸ್ಕೋರ್ ಮಾಡಬೇಕು. ಎರಡೂ ತಂಡಕ್ಕೆ ಸರದಿ ಬರಬೇಕು, ಸರದಿಗೆ ಮೂರು ನಿಮಿಷ ಅಂದರೂ ಮೂವತ್ತು ನಿಮಿಷ ಬೇಕು, ಉಳಿದಿರುವುದು ಇಪ್ಪತ್ತೆಂಟು. “ಆಗಲ್ಲ ಸಾರ್, ಹೊರಡೋಣ್ವಾ?” ಅಂದೆ. ಅಷ್ಟೂ ಗಣಿತವನ್ನು ನನ್ನಿಂದ ಮಾಡಿಸಿದ್ದು ಎರಡು ಕಾಲ್ಬೆರಳು.

ಅವರು ನನ್ನ ಮುಖ ನೋಡಿದರು. ಕರೆದುಕೊಂಡು ಬಂದ ಅತಿಥಿ, ಬೇರೆ ದೇಶದ ಹುಡುಗ, ತುಟಿ ನೀಲಿಗಟ್ಟಿದೆ. ಸುಮ್ನೆ ಎದ್ದರು. ತಮ್ಮ ರಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡರು.

ರಿಚ್ ಸ್ಟೇಡಿಯಂನ ಮೈದಾನ ನೆಲಮಟ್ಟಕ್ಕಿಂತ 50 ಅಡಿ ಕೆಳಗಿತ್ತು. ಹೊರಗೆ ಹೋಗಬೇಕಾದರೆ ನಾವು ಹತ್ತಬೇಕಿತ್ತು. ಹತ್ತುತ್ತಾ ಅವರು ಹೇಳಿದರು, ಈ ರೈಕ್ ಕಾಲೇಜಿನಲ್ಲಿದ್ದಾಗ ಒಮ್ಮೆ 31-0 ಹಿಂದಿದ್ದ ಪಂದ್ಯ ಗೆಲ್ಲಿಸಿದ್ದಾನೆ ಅಂತ. ನಿಜ ಅದು. 1984ರಲ್ಲಿ ಮೇರಿಲ್ಯಾಂಡ್ ಪರ, ಮಯಾಮಿ ಮೇಲೆ, 42-40. ನಾನು “ಕಾಲೇಜ್ ಬೇರೆ ಸಾರ್” ಅಂದೆ. ಆಟ ಅರ್ಥವಾಗಲು ಶುರುವಾಗಿ ನನಗೆ ಮೂರು ತಿಂಗಳೂ ಆಗಿರಲಿಲ್ಲ. ಬಾಯಿ ಮಾತ್ರ ಜೋರು.

ಅರ್ಧ ದಾರಿಯಲ್ಲಿ ಹಿಂದಿನಿಂದ ಒಂದು ಕೂಗು ಬಂತು. ಕೆನೆತ್ ಡೇವಿಸ್ ಒಂದು ಗಜ ನುಗ್ಗಿ 35-10 ಮಾಡಿದ್ದ. ಇನ್ನೂ ಹತ್ತು ಹೆಜ್ಜೆ ಹೋಗಿಲ್ಲ, ಇನ್ನೊಂದು ಕೂಗು. ಟಚ್‌ಡೌನ್ ಆದ ಮೇಲೆ ಚೆಂಡನ್ನು ಎದುರಾಳಿಗೆ ಒದ್ದು ಕೊಡಬೇಕು. ದೂರ ಒದೆಯದೆ ಬೇಕಂತಲೇ ಹತ್ತಿರ ಒದ್ದು, ಒದ್ದವರೇ ಹಿಡಿದುಕೊಳ್ಳುವುದಕ್ಕೂ ಅವಕಾಶವಿದೆ. ಸ್ಟೀವ್ ಕ್ರಿಸ್ಟಿ ಹಾಗೆ ಒದ್ದು ತಾನೇ ಹಿಡಿದಿದ್ದ. ನನ್ನ ಲೆಕ್ಕದಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ಎದುರಾಳಿಯ ಸರದಿಯೇ ಇಲ್ಲದೆ ಮತ್ತೆ ಚೆಂಡು ನಮ್ಮದು. ಡಾನ್ ಬೀಬಿ 38 ಗಜದ ಪಾಸ್ ಹಿಡಿದ. 35-17. ಅವನು ನಡುವೆ ಗೆರೆಯಾಚೆ ಕಾಲಿಟ್ಟಿದ್ದ, ಅಂಪೈರ್‌ಗಳಿಗೆ ಕಾಣಲಿಲ್ಲ. ಆ ವರ್ಷ ರೀಪ್ಲೇ ನೋಡಿ ತೀರ್ಪು ಬದಲಿಸುವ ಪದ್ಧತಿಯೂ ಇರಲಿಲ್ಲ. ಹ್ಯೂಸ್ಟನ್‌ನವರು ಈಗಲೂ ಅದನ್ನೇ ಹೇಳಿಕೊಂಡು ಕೊರಗುತ್ತಾರೆ.

ಕಾರಿಗೆ ಬಂದು ಹೀಟರ್, ರೇಡಿಯೋ ಎರಡೂ ಹಾಕಿದರು. ಕಾಮೆಂಟ್ರಿ ವ್ಯಾನ್ ಮಿಲ್ಲರ್ ಅವರದ್ದು, ಬಫಲೋದಲ್ಲಿ ಮನೆಮಾತಾಗಿದ್ದ ದನಿ. ಆಂಡ್ರೆ ರೀಡ್ 26 ಗಜದ ಟಚ್‌ಡೌನ್. 35-24. ನನ್ನ ಬೆರಳಿಗೆ ಜೀವ ಬಂತು. ಜೀವ ಬಂದ ಕೂಡಲೇ ಬುದ್ಧಿಯೂ ಬಂತು. “ವಾಪಸ್ ಹೋಗೋಣ ಸಾರ್” ಅಂದೆ.

ಅವರು ಕಾರನ್ನು ರಸ್ತೆ ಪಕ್ಕಕ್ಕೆ ತಗೊಂಡು ನಿಲ್ಲಿಸಿದರು. “ಬೇಡ. ನಾವು ಎದ್ದ ಮೇಲೆ ಶುರುವಾಗಿದೆ. ಈಗ ಹೋದರೆ ನಿಂತುಹೋಗುತ್ತದೆ” ಅಂದರು. ತಮಾಷೆಗೆ ಹೇಳಿದ್ದಲ್ಲ. ಹೇಗೂ ಹೋಗಿದ್ದರೆ ಪ್ರಯೋಜನವಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಎದ್ದು ಹೋದ ಎಷ್ಟೋ ಜನ ಓಡಿ ಬಂದು ಗೇಟಿನಲ್ಲಿ ನಿಂತಿದ್ದರಂತೆ, ಕೆಲವರು ಬೇಲಿ ಹತ್ತಿ ಹಾರಿದ್ದರಂತೆ. ಮನೆಗೆ ಹೋಗೋಣ ಅಂದರೆ ಟಿವಿಯಲ್ಲೂ ಇಲ್ಲ. ನ್ಯೂಜೆರ್ಸಿಯಲ್ಲಿದ್ದ ನಮ್ಮ ಭಾವ, ಈ ಆಟದ ಗಂಧಗಾಳಿ ಇಲ್ಲದವರು, ಸೋಫಾದಲ್ಲಿ ಕೂತು ಪೂರ್ತಿ ನೋಡಿದರು. ಸ್ಟೇಡಿಯಂನಿಂದ ಒಂದು ಕಿಲೋಮೀಟರ್ ದೂರದಲ್ಲಿದ್ದ ನಾವು ಡ್ಯಾಶ್‌ಬೋರ್ಡ್ ನೋಡುತ್ತಾ ಕೂತೆವು.

ರೀಡ್ ಇನ್ನೊಂದು ಟಚ್‌ಡೌನ್ ಹೊಡೆದ. 35-31. ನಾಲ್ಕು ಟಚ್‌ಡೌನ್, ಏಳು ನಿಮಿಷದೊಳಗೆ. ಪ್ರತಿ ಸಲವೂ ಕೂಗು ಎರಡು ಬಾರಿ ಕೇಳುತ್ತಿತ್ತು. ಮೊದಲು ರೇಡಿಯೋದಲ್ಲಿ. ಸುಮಾರು ಮೂರು ಸೆಕೆಂಡ್ ಬಿಟ್ಟು ಕಿಟಕಿಯಿಂದ, ಗಾಳಿಯಲ್ಲಿ ಬಂದ ನಿಜವಾದದ್ದು. ನಾಲ್ಕನೇ ಕ್ವಾರ್ಟರ್‌ನಲ್ಲಿ ಮತ್ತೆ ರೀಡ್, ಬಿಲ್ಸ್ 38-35ಕ್ಕೆ ಮುಂದೆ. ಕೊನೆಯ 12 ಸೆಕೆಂಡ್ ಇರುವಾಗ ಆಯ್ಲರ್ಸ್ ಫೀಲ್ಡ್ ಗೋಲ್, ಅಂದರೆ ಚೆಂಡನ್ನು ಕಂಬಗಳ ನಡುವೆ ಒದ್ದು ಮೂರು ಅಂಕ, ಹೊಡೆದು 38-38. ಆ ಸಲ ಕಿಟಕಿಯಿಂದ ಏನೂ ಬರಲಿಲ್ಲ. ಹೆಚ್ಚುವರಿ ಆಟದಲ್ಲಿ ನೇಟ್ ಓಡಮ್ಸ್ ಮೂನ್‌ನ ಚೆಂಡು ಕಸಿದ. ಕ್ರಿಸ್ಟಿ 32 ಗಜದಿಂದ ಒದ್ದ. 41-38. ಟೆಕ್ನಿಷಿಯನ್ ಕಿಟಕಿ ಇಳಿಸಿ, ಎರಡನೇ ಕೂಗಿಗೆ ಕಾದರು. ಅದು ಬಂದ ಮೇಲೆಯೇ ಸ್ಟೀರಿಂಗ್ ಮೇಲೆ ಹಣೆ ಇಟ್ಟರು.

ಅವರು ಆ ಸ್ಟೇಡಿಯಂನಿಂದ ಅರ್ಧಕ್ಕೆ ಎದ್ದು ಬಂದಿದ್ದು ಅದೊಂದೇ ಸಲ. ಹೆಂಡತಿ ಅದನ್ನು ಆ ರಾತ್ರಿ ಊಟಕ್ಕೆ ಕೂತಾಗ ನನಗೆ ಹೇಳಿದರು, ಅವರು ಹೇಳಲಿಲ್ಲ. ಅನ್ನ, ಅಲ್ಲ, ಬ್ರೆಡ್ ಗಂಟಲಲ್ಲಿ ಇಳಿಯಲಿಲ್ಲ ನನಗೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅಂತರ ನೋಡಿ ಯಾರೂ ಎದ್ದು ಹೋಗುವುದಿಲ್ಲ. ಚಳಿ ಆಗುತ್ತದೆ, ಹಸಿವಾಗುತ್ತದೆ, ಮಗು ಅಳುತ್ತದೆ, ಟ್ರಾಫಿಕ್ ನೆನಪಾಗುತ್ತದೆ, ಪಕ್ಕದಲ್ಲಿ ಕೂತವನ ಮಾತು ಸಹಿಸಲಾಗುವುದಿಲ್ಲ. ಅಂಕ ಬರೀ ನೆಪ. ಹತ್ತು ಅಂಕಕ್ಕೆ ಹೊರಡಬೇಕೋ ಮೂವತ್ತಕ್ಕೋ ಅಂತ ಲೆಕ್ಕ ಹಾಕಬೇಡಿ. ಕಾಲು ಬೆಚ್ಚಗಿಡಿ. ನಿಮ್ಮ ಸ್ಟೇಡಿಯಂಗೆ ಸೂರಿದೆ, ಚಳಿಯ ನೆಪವೂ ನಿಮಗಿಲ್ಲ, ಹಾಗಾದರೆ ಇನ್ನೇನಿತ್ತು ಅಂತ ನೀವೇ ಯೋಚಿಸಿ. ಇನ್ನೊಂದು. ಹೋಗಲೇಬೇಕು ಅನ್ನಿಸಿದರೆ ಒಬ್ಬರೇ ಹೋಗಿ. ಬಸ್ಸು ಹಿಡಿಯಿರಿ, ನಡೆದುಕೊಂಡು ಹೋಗಿ. ಜೊತೆಯವರನ್ನು ಎಬ್ಬಿಸಬೇಡಿ. ಗೆಳೆಯರನ್ನು ಎಬ್ಬಿಸಿಕೊಂಡು ಹೋದೆ ಅಂತ ನೀವು ಒಂದೇ ಸಾಲಿನಲ್ಲಿ ಬರೆದು ಮುಂದಕ್ಕೆ ಹೋಗಿಬಿಟ್ಟಿರಿ. ನನಗೆ ಕಂಡಿದ್ದು ಅದೊಂದೇ ಸಾಲು.

ಆ ರಾತ್ರಿ ಕ್ಷಮೆ ಕೇಳಲು ಹೋದಾಗ ಅವರು ತಡೆದರು. ನೀನು ಎದ್ದಿದ್ದಕ್ಕೇ ಗೆದ್ದರು ಅಂದರು. ನಮ್ಮಲ್ಲಿ ಇದಕ್ಕೆ ಕಾಲ್ಗುಣ ಅಂತಾರೆ ಅಂತ ನಾನು ವಿವರಿಸಿದೆ, ಮನೆಗೆ ಹೊಸ ಸೊಸೆ ಬಂದ ಕಥೆಯನ್ನೆಲ್ಲ ಸೇರಿಸಿ. ಅಲ್ಲಿಗೆ ನನ್ನ ಗ್ರಹಚಾರ ಶುರು. ಮುಂದಿನ ವಾರ ಪಿಟ್ಸ್‌ಬರ್ಗ್ ಪಂದ್ಯವನ್ನು ಅವರ ಮನೆಯ ಟಿವಿಯಲ್ಲಿ ನೋಡುವಾಗ, ವಿರಾಮ ಮುಗಿದ ತಕ್ಷಣ ನನ್ನನ್ನು ಅಡುಗೆಮನೆಗೆ ಕಳಿಸಿದರು. ಬಿಲ್ಸ್ 24-3ರಲ್ಲಿ ಗೆದ್ದಿತು. ಮಯಾಮಿ ಪಂದ್ಯದಲ್ಲೂ ಅಡುಗೆಮನೆ, 29-10. ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ದಿನ ಡಲ್ಲಾಸ್ ವಿರುದ್ಧ ಬಿಲ್ಸ್ ಹಿಂದೆ ಬಿದ್ದಾಗ ಅಡುಗೆಮನೆ, ಅಲ್ಲಿಂದ ಗ್ಯಾರೇಜ್, ಕೊನೆಗೆ ಹಿಂದಿನ ಅಂಗಳದ ಹಿಮದಲ್ಲಿ ನಿಂತೆ. 52-17ರಲ್ಲಿ ಸೋತರು. ಆ ದಿನ ಕಾಲಡಿ ರಟ್ಟು ಇತ್ತು.

ನಾನು ಈಗ ಮೈಸೂರಿನಲ್ಲಿದ್ದೇನೆ. ಅವರಿಗೆ ಎಂಬತ್ತು ದಾಟಿದೆ, ಕಿವಿ ಸ್ವಲ್ಪ ಮಂದ. 2022ರ ಡಿಸೆಂಬರ್ 18ರ ಬೆಳಗಿನ ಜಾವ ಫೋನ್ ಬಂತು. ವೈಕಿಂಗ್ಸ್ 33-0ಯಿಂದ ಎದ್ದು 39-36ರಲ್ಲಿ ಗೆದ್ದಿದೆ, ನಮ್ಮ ದಾಖಲೆ ಹೋಯಿತು ಅಂದರು. ಸೋತ ಕೋಲ್ಟ್ಸ್ ತಂಡ ಅದೇ ಫ್ರಾಂಕ್ ರೈಕ್‌ನನ್ನು ಕೋಚ್ ಕೆಲಸದಿಂದ ತೆಗೆದು ಒಂದೂವರೆ ತಿಂಗಳೂ ಆಗಿರಲಿಲ್ಲ ಅಂತ ನಕ್ಕರು. ಆಮೇಲೆ ದನಿ ತಗ್ಗಿಸಿ ಕೇಳಿದರು, “ನಿಜ ಹೇಳು. ನೀನು ಮಿನಿಯಾಪೊಲಿಸ್‌ಗೆ ಹೋಗಿದ್ದೆಯಾ?”

ಇಲ್ಲ, ಮನೆಯಲ್ಲಿ ಮಲಗಿದ್ದೆ ಅಂದೆ. ಹಾಗಾದರೆ ಯಾರೋ ಒಬ್ಬರು ಎದ್ದು ಹೋಗಿರಲೇಬೇಕು, ಕಾಲ್ಗುಣ ಇರುವವರು, ಪತ್ತೆ ಹಚ್ಚು ಅಂದರು. ಆ ಪದವನ್ನು ಅವರು ‘ಕಲ್ಗೂನ’ ಅಂತಾರೆ.

ಇವತ್ತು ರಾತ್ರಿ ಫೋನ್ ಮಾಡಿ ಹೇಳುತ್ತೇನೆ, ಸಿಕ್ಕಿದರು ಅಂತ.